ಕಿವಿಯಮ್ಮ ಕೇಳಿಸಿಕೊಂಡ ಸ್ವರ

ತಾಯಿಯ ಒಡಲಿನ ಕತ್ತಲೆಯಲ್ಲಿ ಕಣ್ಣಿಗೆ ರೆಪ್ಪೆಯನ್ನೂ ಕಿವಿಗೆ ಸುಳಿಯನ್ನೂ ತಿದ್ದುವವನಾರೋ, ಮಾತು ಹುಟ್ಟುವ ಮೊದಲೇ ನಾದವಾಗಿ ನೆಲೆಸಿದವನಾರೋ, ಆ ಪರಮಾತ್ಮನಿಗೆ ತಲೆಬಾಗಿ ಈ ಕಥೆಯನ್ನು ಹೇಳತೊಡಗುತ್ತೇವೆ.

ಒಂದು ಬೀದಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರ ಮನೆಯಿತ್ತು. ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒರಗಿಸಿದ ತಿದಿಗಳು, ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ ಸ್ವರ ಹೊಮ್ಮಿಸುವ ಹಿತ್ತಾಳೆಯ ರೀಡುಗಳು, ಅಂಟಿನ ಬಟ್ಟಲು, ಬೆರಳಿಗಿಂತ ಸಣ್ಣ ಅರ. ಮನೆಯ ಹಿರಿಯಳಿಗೆ ಬೀದಿಯವರಿಟ್ಟ ಹೆಸರು ಕಿವಿಯಮ್ಮ. ಮಗ ಅಂಗಡಿಯಲ್ಲಿ ಒತ್ತಿದ ಸ್ವರ ಕೂದಲೆಳೆಯಷ್ಟು ಇಳಿದಿದ್ದರೂ ಆಕೆ ಒಲೆಯ ಮುಂದಿನಿಂದಲೇ ಹೇಳಿಬಿಡುವಳು. ಆಕೆಯೆದುರು ಸೀನುವುದಾದರೂ ಶ್ರುತಿ ನೋಡಿಕೊಂಡು ಸೀನಬೇಕೆಂದು ಬೀದಿಯವರು ನಗುವರು. ಅದನ್ನು ಕೇಳಿ ಕಿವಿಯಮ್ಮ ಬೀಗುವಳು.

ಸೊಸೆ ಆ ಕಿವಿಗೆ ತಕ್ಕ ಕೈ. ರೀಡನ್ನು ಉಜ್ಜಿ ಸ್ವರ ಕೂಡಿಸುವಾಗ ಮೆಲ್ಲಗೆ ಗುನುಗುವಳು. ಆ ಗುನುಗೇ ಆಕೆಯ ಅಳತೆಗೋಲು. ಮದುವೆಗೆ ಮುಂಚಿನಿಂದಲೂ ಆಕೆಗೆ ಮನಸ್ಸು ಕುಗ್ಗುವ ಕಾಯಿಲೆಯಿದ್ದು, ವೈದ್ಯರ ಮಾತ್ರೆಯಿಂದ ಹತೋಟಿಯಲ್ಲಿತ್ತು. ಬಸುರಿಯಾದ ಸುದ್ದಿ ತಿಳಿದೊಡನೆ ಕಿವಿಯಮ್ಮ ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಮಗುವಿಗೆ ತಾಗೀತೆಂಬ ಭಯ ಆಕೆಯದು. ಮಾಡಿದ್ದು ಪ್ರೀತಿಯಿಂದಲೇ, ಆದರೆ ವೈದ್ಯರನ್ನು ಒಂದು ಮಾತು ಕೇಳಲಿಲ್ಲ.

ಬರಬರುತ್ತ ಸೊಸೆ ಮೌನಿಯಾದಳು. ತಟ್ಟೆಗೆ ಬಡಿಸಿದ್ದು ತಟ್ಟೆಯಲ್ಲೇ ಉಳಿಯಿತು. ನಿದ್ದೆ ಹತ್ತದು, ತಪಾಸಣೆಗೆ ಹೋಗಲು ಮೈ ಏಳದು. ತಾಯಿಯಾಗುವವಳಿಗೆ ಗಾಂಭೀರ್ಯ ಬಂದಿದೆಯೆಂದು ಕಿವಿಯಮ್ಮ ಹೊಗಳಿದಳು. ಅಪಸ್ವರವೆದ್ದರೆ ತಟ್ಟನೆ ಹಿಡಿಯುವ ಮನೆಯದು. ಸದ್ದಿಲ್ಲವೆಂದರೆ ಎಲ್ಲವೂ ಸರಿಯಿದೆಯೆಂದೇ ಅಲ್ಲಿನವರ ನಂಬಿಕೆ. ತಪ್ಪಿದ್ದು ಅಲ್ಲಿಯೇ.

ಸೊಸೆ ತಪಾಸಣೆಗೆ ಬಾರದ್ದರಿಂದ ಆಸ್ಪತ್ರೆಯ ದಾದಿ ಒಂದು ಮಧ್ಯಾಹ್ನ ಮನೆಗೇ ಬಂದಳು. ಅದೇ ಬೀದಿಯಲ್ಲಿ ಬೆಳೆದವಳು, ಕಿವಿಯಮ್ಮನನ್ನು ದೊಡ್ಡಮ್ಮ ಎನ್ನುವವಳು. ತೂಕ ನೋಡಿದಳು, ಏರಿರಲಿಲ್ಲ. ಮಾತ್ರೆಯ ವಿಚಾರ ಕೇಳಿದಳು.

"ನಾವೆಲ್ಲ ಮಾತ್ರೆ ನುಂಗಿಯೇ ಹೆತ್ವಾ? ಬಸುರೀಲಿ ಮನಸ್ಸು ಹೀಗೇ ಕಣೇ. ಹೆತ್ತ ಮೇಲೆ ತಾನೇ ಸರಿಹೋಗುತ್ತೆ" ಎಂದಳು ಕಿವಿಯಮ್ಮ.

"ವಾದ ಆಮೇಲೆ ಮಾಡೋಣ ದೊಡ್ಡಮ್ಮ. ಈಗ ಅವಳನ್ನ ಒಂದು ಪ್ರಶ್ನೆ ಕೇಳ್ತೀನಿ. ನೀವು ಮಾತು ಬಿಟ್ಟು ಸ್ವರ ಮಾತ್ರ ಕೇಳಿ." ದಾದಿ ಸೊಸೆಯ ಕಡೆ ತಿರುಗಿದಳು. "ಹೇಗಿದ್ದೀಯಮ್ಮ?"

"ಚೆನ್ನಾಗಿದ್ದೀನಿ" ಎಂದಳು ಸೊಸೆ.

ಅಕ್ಕಿ ಕೇರುತ್ತಿದ್ದ ಕಿವಿಯಮ್ಮನ ಕೈಯಲ್ಲಿ ಮೊರ ಅಲ್ಲಿಯೇ ನಿಂತಿತು. ದಿನಾ ಕೇಳಿದ ಮಾತೇ. ಸ್ವರವನ್ನು ಕೇಳಿದ್ದು ಇದೇ ಮೊದಲು. ತಿದಿ ಒತ್ತಿದರೆ ಗಾಳಿ ಹೋಗುತ್ತದೆ, ಧೂಳು ಹಿಡಿದ ರೀಡಿನಿಂದ ನಾದ ಮಾತ್ರ ಏಳುವುದಿಲ್ಲ. ಹಾಗಿತ್ತು ಆ ಮಾತು. ಅಂಗಡಿಯ ಗುನುಗು ಯಾವಾಗ ನಿಂತಿತೆಂದು ಆಕೆ ಯೋಚಿಸಿದಳು. ನೆನಪಾಗಲಿಲ್ಲ.

ಮೊರವನ್ನು ಕೆಳಗಿಟ್ಟು ಸೊಸೆಯ ಪಕ್ಕದಲ್ಲಿ ಕುಳಿತಳು. "ನಿನ್ನ ಗುನುಗು ಎಲ್ಲಿ ಹೋಯ್ತು ಮಗಳೇ?"

ಸೊಸೆ ತಲೆಯೆತ್ತದೆಯೇ ಹೇಳಿದಳು. "ಅತ್ತೆ, ನಾನು ಇಲ್ಲದಿದ್ರೇ ಈ ಮಗುಗೆ ಒಳ್ಳೇದು ಅನ್ಸುತ್ತೆ."

ಇಂಥ ಮಾತು ಬಾಯಿಗೆ ಬಂದ ಮೇಲೆ ಸಂಜೆಯವರೆಗೂ ಕಾಯಬಾರದು, ಆಕೆಯನ್ನು ಒಂಟಿಯಾಗಿ ಬಿಡಬಾರದು, ಈಗಲೇ ಆಸ್ಪತ್ರೆಗೆ ಹೊರಡಬೇಕು ಎಂದಳು ದಾದಿ. ಕಿವಿಯಮ್ಮ ಅಟ್ಟದಿಂದ ಡಬ್ಬಿ ಇಳಿಸಿ ಮಾತ್ರೆ ಕೊಡಹೋದಾಗ ದಾದಿ ಕೈಹಿಡಿದು ತಡೆದಳು. ನಿಲ್ಲಿಸಿದ್ದೂ ನಾವೇ, ಶುರುಮಾಡುವುದೂ ನಾವೇ ಎಂದರಾಗದು. ಡಬ್ಬಿಯನ್ನು ವೈದ್ಯರಿಗೆ ತೋರಿಸೋಣ ಎಂದಳು. ಮನಸ್ಸಿನ ಕಾಯಿಲೆಯನ್ನು ಹಾಗೇ ಬಿಟ್ಟರೆ ತಾಯಿಗೆ ಊಟ, ನಿದ್ದೆ, ತಪಾಸಣೆ ಎಲ್ಲ ತಪ್ಪುತ್ತವೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚುತ್ತದೆ ಎಂದು ದಾರಿಯುದ್ದಕ್ಕೂ ತಿಳಿಹೇಳಿದಳು.

ಮನೆಯಿಂದ ಹೊರಡುವಾಗ ಹೊಸ್ತಿಲಲ್ಲಿ ನಿಂತ ಮಗ ಬೀದಿಯವರು ಏನಂದಾರೆಂದು ಗೊಣಗಿದ್ದ. "ರೀಡಿಗೆ ಧೂಳು ಕೂತ್ರೆ ಪೆಟ್ಟಿಗೆ ಬಿಚ್ಚೋಕೆ ನಾಚ್ಕೋತೀಯೇನೋ? ಬಾಗಿಲು ಎಳ್ಕೊಂಡು ನಡಿ" ಎಂದಿದ್ದಳು ಕಿವಿಯಮ್ಮ.

ವೈದ್ಯರು ಸೊಸೆಯ ಮಾತನ್ನು ಸಾವಧಾನವಾಗಿ ಕೇಳಿದರು. ಕೆಲವು ದಿನ ಅಲ್ಲಿಯೇ ಉಳಿಸಿಕೊಂಡರು. ಲಾಭವನ್ನೂ ಅಪಾಯವನ್ನೂ ತೂಗಿ ಬಸುರಿಗೆ ಹೊಂದುವ ಔಷಧವನ್ನು ಆರಿಸಿದರು; ಮನೆಗೆ ಮರಳಿದ ಮೇಲೂ ಆಪ್ತಸಮಾಲೋಚನೆಗೆ ತಪ್ಪದೆ ಬರಹೇಳಿದರು. ಗುಣವು ನಿಧಾನವಾಗಿ ಕಂಡಿತು. ಮಗ ಅಡುಗೆಗೆ ಕೈಹಾಕಿದ. ಅವನು ಬೇಯಿಸಿದ್ದಕ್ಕೆ ಯಾವ ಡಾಕ್ಟರ ಬಳಿಯೂ ಔಷಧವಿಲ್ಲವೆಂದು ಸೊಸೆ ಒಂದು ದಿನ ನಕ್ಕಳು. ಮತ್ತೊಂದು ಬೆಳಗ್ಗೆ ಅಂಗಡಿಯ ಕೋಣೆಯಿಂದ ಗುನುಗು ಕೇಳಿಸಿತು. ಕಿವಿಯಮ್ಮ ಒಲೆಯ ಮೇಲಿನ ಹಾಲನ್ನು ಮರೆತು ಗೋಡೆಗೆ ಕಿವಿಗೊಟ್ಟು ನಿಂತಳು. ಹಾಲು ಉಕ್ಕಿತು, ಉಕ್ಕಲಿ ಎಂದುಕೊಂಡಳು.

ದಿನ ತುಂಬಿ ಹೆಣ್ಣುಮಗು ಹುಟ್ಟಿತು, ಒಳ್ಳೆಯ ತೂಕ. ನೋಡಲು ಬಂದ ನೆರೆಯಾಕೆ ಕಿವಿಯಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು: ಸೊಸೆ ತಲೆಕೆಟ್ಟವರ ಮಾತ್ರೆ ನುಂಗಿದಳಂತೆ.

ಕಿವಿಯಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದಳು. "ಅಂತೆ ಏನು ಬಂತು? ನುಂಗಿದ್ಲು. ಲೋಟದಲ್ಲಿ ನೀರು ಕೊಟ್ಟೋಳು ನಾನೇ. ಕಾಯಿಲೆ ಗೆದ್ದು ಮಗು ಹೆತ್ತಿದ್ದಾಳೆ ನನ್ನ ಸೊಸೆ. ಬಾ ಒಳಗೆ, ಕೂಸು ಅಳ್ತಿದೆ. ಎಲ್ಲಾದ್ರೂ ಶ್ರುತಿ ತಪ್ಪಿದ್ರೆ ಹೇಳು."

ಬಂಧುಗಳೇ, ನಿಮ್ಮ ಮನೆಯ ಬಸುರಿಯನ್ನು ಹೇಗಿದ್ದೀಯೆಂದು ಕೇಳಿ. ಉತ್ತರದ ಮಾತನ್ನಷ್ಟೇ ಅಲ್ಲ, ಸ್ವರವನ್ನೂ ಕೇಳಿ. ಮಂಕು, ಭಯ, ಅಳು, ನಿದ್ದೆಗೇಡು ಬಿಡದೆ ಕಾಡಿದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಲೂ ಬೇಡಿ, ಕೊಡಲೂ ಬೇಡಿ. ಹೆರಿಗೆಯಾದ ಮೇಲೂ ಈ ಎಚ್ಚರವಿರಲಿ.

ಈ ಕಥೆಯನ್ನು ಕೇಳಿದವರ ಮನೆಯಲ್ಲಿ ತಾಯಂದಿರ ಒಡಲು ತಂಪಾಗಿರಲಿ, ಮನಸ್ಸು ಹಗುರಾಗಿರಲಿ. ತೊಟ್ಟಿಲಿನ ಪಕ್ಕದ ಗುನುಗು ಎಂದಿಗೂ ನಿಲ್ಲದಿರಲಿ. ನಾದರೂಪಿಯಾದ ಆ ದೇವನು ಎಲ್ಲರನ್ನೂ ಕಾಯಲಿ.