ಅಲುಗಾಡಬೇಡಿ

"ಮಷೀನಲ್ಲಿ ಬೋಳಿಸ್ಕೊಳ್ಳೋಕೆ ನಾನೇನು ಕುರಿನಾ?" ಎಂದು ಅಪ್ಪ ತನ್ನ ಅಂಗಡಿಯ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟ.

ಮಗಳು ಆಸ್ಪತ್ರೆಯವರು ಕೊಟ್ಟ ಹಾಳೆಯನ್ನು ಇನ್ನೊಮ್ಮೆ ಓದಿ ಹೇಳಿದಳು. ಒಂಬತ್ತನೆಯ ಸೂಚನೆಯಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ತಲೆಗೆ ಕತ್ತಿ ತಾಗಿಸಬಾರದು, ಕೂದಲನ್ನು ಅವರೇ ಮಷೀನಿನಲ್ಲಿ ತೆಗೆಯುತ್ತಾರೆ, ತಲೆಯ ಮೇಲೆ ಸಣ್ಣ ಗಾಯ ಕಂಡರೂ ಆಪರೇಷನ್ ಇಲ್ಲ. ನಲವತ್ತು ವರ್ಷ ಊರವರ ತಲೆಯನ್ನೆಲ್ಲ ನುಣ್ಣಗೆ ಮಾಡಿದ ಕ್ಷೌರಿಕನಿಗೆ ಇದು ಅವಮಾನ. ಗಾಯ ಮಾಡುವವರಿಗೆ ಹೇಳಿದ ಮಾತು ಅದು, ನಮಗಲ್ಲ ಎಂದ.

ಆರು ವರ್ಷದ ಹಿಂದೆ ಪಾರ್ಕಿನ್ಸನ್ ಬಂದು ಅಪ್ಪನ ಬಲಗೈ ನಡುಗತೊಡಗಿದ ಮೇಲೆ ಕತ್ತಿ ಅವಳ ಪಾಲಿಗೆ ಬಂದಿತ್ತು. ಹೆಂಗಸಿನ ಕೈಗೆ ಕುತ್ತಿಗೆ ಕೊಡಲು ಗಿರಾಕಿಗಳು ಮೊದಮೊದಲು ಹಿಂದೆಮುಂದೆ ನೋಡಿದರು. ಇವತ್ತಿನವರೆಗೆ ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ. ಅಪ್ಪನ ನಡುಕದ ಗುಟ್ಟೂ ಅವಳಿಗೆ ಗೊತ್ತು. ಸುಮ್ಮನಿದ್ದರೆ ಕುಣಿಯುವ ಆ ಕೈ, ಏನೋ ಮಾಡಲೇಬೇಕೆಂದು ಅವನು ಮನಸ್ಸು ಗಟ್ಟಿ ಮಾಡಿದರೆ ಒಂದು ಗಳಿಗೆ ತೆಪ್ಪಗಾಗುತ್ತದೆ.

ಸ್ಟೆಮ್ ಸೆಲ್‌ಗಳಿಂದ ಬೆಳೆಸಿದ ಹೊಸ ಜೀವಕೋಶಗಳನ್ನು ಮಿದುಳಿನಲ್ಲಿ ಸತ್ತವುಗಳ ಜಾಗಕ್ಕೆ ಸೇರಿಸುತ್ತಾರಂತೆ, ತಲೆಬುರುಡೆಗೆ ಎರಡು ತೂತು ಕೊರೆದು. ಇದಿನ್ನೂ ಪ್ರಯೋಗ, ಗುಣ ಕಾಣಲು ವರ್ಷವೇ ಬೇಕು, ಕಾಣದೆಯೂ ಹೋಗಬಹುದು, ಒಳಗೆ ರಕ್ತ ಒಸರಿದರೆ ಮಾತು ನಿಲ್ಲಬಹುದು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಈ ಸರದಿ ತಪ್ಪಿದರೆ ಇನ್ನೊಂದು ಸಿಗುವುದು ಅನುಮಾನ ಎಂದೂ ಹೇಳಿದ್ದರು. ಅಪ್ಪ ಜೋಕು ಹೊಡೆಯುತ್ತಲೇ ಸಹಿ ಹಾಕಿದ. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಾತಿನ ಮಲ್ಲ ಅಪ್ಪ ಮೂಕನಾಗಿ ಮನೆಗೆ ಬಂದರೆ? ಆದರೆ ಬೇಡ ಎನ್ನುವುದು ಹೇಗೆ? ಅಂಗಿಯ ಗುಂಡಿ ಹಾಕಲು ಅರ್ಧ ಗಂಟೆ ಒದ್ದಾಡುವವನು ಅವನು.

ಆಸ್ಪತ್ರೆಗೆ ಸೇರುವುದು ನಾಳೆ. ಅವಳು ಸೋತು, ನೊರೆ ಬಳಿದು ಕತ್ತಿ ಹಿಡಿದಳು.

ಅರ್ಧ ತಲೆ ಮುಗಿದು ಕತ್ತಿ ಹಣೆಯ ಮೇಲ್ಭಾಗಕ್ಕೆ ಬಂದಾಗ ಅವನು ಕೇಳಿದ, "ಇಲ್ಲೇ ಅಲ್ವಾ ತೂತು ಹಾಕೋದು?"

"ಹೂಂ. ಅಲುಗಾಡಬೇಡ."

ಕತ್ತಿ ಚರ್ಮಕ್ಕೆ ತಾಗುವ ಮುನ್ನ ಎಂಥ ದೊಡ್ಡ ಮನುಷ್ಯನಿಗಾದರೂ ಹೇಳಬೇಕಾದ ಮಾತು ಅದು. ಕಲಿಸಿದವನು ಅವನೇ. ಕನ್ನಡಿಯಲ್ಲಿ ನೋಡಿದಳು. ಟವೆಲ್ಲಿನ ಮೇಲೆ ಕುಣಿಯುತ್ತಿದ್ದ ಬಲಗೈ ಥಟ್ಟನೆ ನಿಂತುಬಿಟ್ಟಿತು. ಸದ್ಯ ಎಂದುಕೊಂಡು ಕತ್ತಿ ಎಳೆದಳು. ಆಗ ತಲೆ ಕತ್ತಿಯ ಕಡೆಗೇ ತಿರುಗಿತು.

ನೊರೆ ಕೆಂಪಾಯಿತು.

"ರೋಗ ಕಣೇ, ಅಲುಗಿಸಿಬಿಡ್ತು," ಎಂದ ಅಪ್ಪ, ಕನ್ನಡಿಯತ್ತ ನೋಡದೆ.

ಅವಳು ಟವೆಲ್ ಒತ್ತಿ ಹಿಡಿದು ನಿಂತಳು. ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ನಾಚಿಕೆಯಾಗುವಷ್ಟು ನೆಮ್ಮದಿ. ಅದೂ ನಿಲ್ಲಲಿಲ್ಲ. ಇವತ್ತು ಅಂಗಿಯ ಗುಂಡಿ, ನಾಳೆ ನಡಿಗೆ, ಆಮೇಲೆ ನುಂಗುವುದು ಎಂದು ಒಂದೊಂದೇ ಕಣ್ಣ ಮುಂದೆ ಬಂದವು.

ಆಸ್ಪತ್ರೆಗೆ ಫೋನು ಮಾಡಿದಳು. ನರ್ಸಮ್ಮ ಗಾಯದ ಉದ್ದ ಕೇಳಿದರು, ಜಾಗ ಮುಂದಿನವರಿಗೆ ಹೋಗುತ್ತದೆ ಎಂದರು. ಕತ್ತಿ ಮುಟ್ಟಿಸಬೇಡಿ ಎಂದು ಬರೆದಿರಲಿಲ್ಲವೇ, ಹೇಗಾಯಿತು ಎಂದು ಕೇಳಿದರು.

ಕುರ್ಚಿಯಲ್ಲಿ ಅಪ್ಪ ಉಸಿರು ಬಿಗಿಹಿಡಿದಿದ್ದ.

"ನನ್ನ ಕೈ ತಪ್ತು," ಎಂದಳು.

ಫೋನು ಇಟ್ಟು, ರಕ್ತ ನಿಲ್ಲಿಸುವ ಪಟಿಕದ ತುಂಡನ್ನು ನೀರಿನಲ್ಲಿ ಅದ್ದಿ ಗಾಯಕ್ಕೆ ಒತ್ತಿದಳು. ಅಪ್ಪ ಹಲ್ಲು ಕಚ್ಚಿದ. ತಲೆಯ ಅರ್ಧ ಭಾಗದಲ್ಲಿ ಇನ್ನೂ ಕೂದಲಿತ್ತು, ಹಾಗೇ ಬಿಡುವಂತಿರಲಿಲ್ಲ. ಅವಳು ಮತ್ತೆ ನೊರೆ ಬಳಿದಳು.

"ಅಲುಗಾಡಬೇಡ."

"ಇಲ್ಲ," ಎಂದ. ಟವೆಲ್ಲಿನ ಮೇಲೆ ಅವನ ಬಲಗೈ ಮತ್ತೆ ನಡುಗತೊಡಗಿತ್ತು.