ಬೀಗರು ಮಲಗಿದ ಕುರ್ಚಿ

ಬೀಗರ ಎದುರು ಬಾಯಿತಪ್ಪಿಯೂ ಒಂದು ಬಿರುಸು ಮಾತು ಬರಬಾರದು ಎಂಬುದು ಮಗಳ ಮದುವೆಯ ದಿನದಿಂದ ಗಡಿಯಾರದವರು ಹಿಡಿದ ವ್ರತ. ಕಂಡವರ ಕೈಗಡಿಯಾರ ಬಿಚ್ಚಿ ಜೋಡಿಸುತ್ತಲೇ ಕಣ್ಣು ಮಂಜಾದ ಅವರಿಗೆ ಕೂದಲೆಳೆಯಂಥ ಸ್ಪ್ರಿಂಗು ಎಲ್ಲಿ ಮುರಿಯುತ್ತದೆಂದು ಗೊತ್ತಿತ್ತು. ಸಂಬಂಧ ಅದಕ್ಕಿಂತಲೂ ನವಿರು ಎಂಬುದು ಅವರ ನಂಬಿಕೆ. ಆಚೆಯಿಂದ ಬೀಗರು ಫೋನಿನಲ್ಲಿ ಕೆಮ್ಮಿದರೆ ಈಚೆ ಇವರು ಎದ್ದು ನಿಲ್ಲುತ್ತಿದ್ದರು.

ಅಂಥ ಬೀಗರೇ ಇವತ್ತು ಆಸ್ಪತ್ರೆಗೆ ಜೊತೆಗಾರರಾಗಿ ಬಂದಿದ್ದರು. ಗಡಿಯಾರದವರಿಗೆ ಕರುಳಿನ ಕ್ಯಾನ್ಸರು. ಕೀಮೋ ವಾರ್ಡಿನ ಕುರ್ಚಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಲಗಿ ನರಕ್ಕೆ ಔಷಧಿ ಹನಿಸಿಕೊಳ್ಳಬೇಕು. ಪ್ರತಿ ಸಲ ಬರುತ್ತಿದ್ದ ಹೆಂಡತಿ ಕಾಲು ಉಳುಕಿಸಿಕೊಂಡು ಮನೆಯಲ್ಲಿದ್ದರು. ಹೋದ ವಾರ ಬಂದಾಗ ರಕ್ತ ಸಾಲದು ಎಂದು ವಾಪಸು ಕಳಿಸಿದ್ದ ಡಾಕ್ಟರು, "ಇನ್ನೊಂದ್ಸಲ ತಪ್ಪಿದ್ರೆ ಕಷ್ಟ ಆಗುತ್ತೆ" ಎಂದು ಮುಖ ಗಂಟಿಕ್ಕಿಕೊಂಡು ಹೇಳಿದ್ದರು. ಇವತ್ತೊಂದು ದಿನ ಔಷಧಿ ಒಳಗೆ ಇಳಿಸಪ್ಪಾ ತಂದೆ ಎಂದು ಗಡಿಯಾರದವರು ದಾರಿಯುದ್ದಕ್ಕೂ ದೇವರನ್ನು ನೆನೆದರು. ಬೀಗರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು, ಅಲ್ಲಿಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿದರು.

ವಾರ್ಡಿನಲ್ಲಿ ಇವರ ಪಾಲಿಗೆ ಬಂದದ್ದು ಕಾಲು ಚಾಚಿ ಮಲಗುವ ಒಂದು ದೊಡ್ಡ ಕುರ್ಚಿ, ಜೊತೆಗೆ ಬಂದವರಿಗೊಂದು ಪ್ಲಾಸ್ಟಿಕ್ ಸ್ಟೂಲು.

"ಕೂತ್ಕೊಳ್ಳಿ ಬೀಗರೆ," ಎಂದು ಗಡಿಯಾರದವರು ದೊಡ್ಡ ಕುರ್ಚಿಯನ್ನೇ ತೋರಿಸಿದರು. ಅಭ್ಯಾಸಬಲ.

"ಛೆ ಛೆ, ಅದು ನಿಮ್ದು."

"ನಿಮ್ಮನ್ನ ಸ್ಟೂಲಲ್ಲಿ ಕೂರಿಸಿ ನಾನು ಮಲಗೋದಾ? ನಾಳೆ ಮಗಳಿಗೆ ಹೇಗೆ ಮುಖ ತೋರಿಸ್ಲಿ?"

"ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ಒಂದ್ನಿಮಿಷ ಕೂರ್ತೀನಿ. ಅಷ್ಟೇ."

ಕೂತರು. ಕುರ್ಚಿಯ ಪಕ್ಕದಲ್ಲಿ ಒಂದು ಹಿಡಿ ಇತ್ತು. ಜನ್ಮವಿಡೀ ಗೇರು ಎಳೆದ ಕೈ ಅದು, ಹಿಡಿ ಕಂಡಮೇಲೆ ಸುಮ್ಮನಿರುತ್ತದೆಯೆ? ಎಳೆಯಿತು. ಬೆನ್ನು ಹಿಂದಕ್ಕೆ ವಾಲಿತು, ಕಾಲು ಮೇಲಕ್ಕೆದ್ದಿತು, ಕಣ್ಣು ತಾನಾಗಿ ಮುಚ್ಚಿತು. ಬೀಗರೇ ಹಿಡಿದು ತಂದಿದ್ದ ಗಡಿಯಾರದವರ ಫೈಲು ಅವರ ಹೊಟ್ಟೆಯ ಮೇಲೆ ಉಸಿರಿಗೆ ತಕ್ಕಂತೆ ಏರಿಳಿಯತೊಡಗಿತು.

ಮಲಗಿದ ಬೀಗರನ್ನು ಎಬ್ಬಿಸುವುದು ಹೇಗೆ? 'ದಯವಿಟ್ಟು' ಎಂದು ಶುರುಮಾಡಲೋ, 'ತಪ್ಪು ತಿಳೀಬೇಡಿ' ಎಂದು ಶುರುಮಾಡಲೋ ಎಂದು ಗಡಿಯಾರದವರು ಸ್ಟೂಲಿನಲ್ಲಿ ಕೂತು ತೂಗಿನೋಡುತ್ತಿರುವಾಗ ನರ್ಸಮ್ಮ ಬಂದಳು. ಆ ವಾರ್ಡಿಗೆ ಅವಳು ಹೊಸಬಳು. ಸ್ಟೂಲಿನಲ್ಲಿ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಟೊಪ್ಪಿಗೆ. ಬೀಗರ ಜೊತೆ ಹೊರಡುವುದೆಂದು ಗಡಿಯಾರದವರು ಮಾಡಿಕೊಂಡ ಅಲಂಕಾರವದು. ಕುರ್ಚಿಯಲ್ಲಿ ಹಳೇ ಜುಬ್ಬ, ಒಂದೆಳೆ ಕೂದಲಿಲ್ಲದೆ ಫಳಫಳಿಸುವ ತಲೆ, ಹೊಟ್ಟೆಯ ಮೇಲೆ ಫೈಲು. ರೋಗಿ ಯಾರೆಂದು ಅವಳು ಕೇಳುವ ಪ್ರಮೇಯವೇ ಬರಲಿಲ್ಲ. ಫೈಲಿನ ಮೇಲಿದ್ದ ಹೆಸರನ್ನು ಓದಿದಳು.

ನಿದ್ದೆಗಣ್ಣಿನಲ್ಲಿ ಗಡಿಯಾರದವರ ಹೆಸರು ಕೇಳಿದ ಬೀಗರು, "ಹೌದಮ್ಮ, ಹೌದು, ಅದೇ," ಎಂದರು.

ಗಡಿಯಾರದವರು ಬಾಯಿ ತೆರೆದರು. ಈಗ ಅಲ್ಲವೆಂದರೆ ಹತ್ತು ಜನರೆದುರು ಬೀಗರನ್ನು ಪೆದ್ದು ಮಾಡಿದಂತೆ. ತೆರೆದ ಬಾಯನ್ನು ಆಕಳಿಕೆ ಮಾಡಿ ಮುಚ್ಚಿಕೊಂಡರು. ನೋಡಿದರೆ ನೋಡಲಿ, ಬಿಪಿ ತಾನೆ, ಗಂಟೇನು ಹೋಗುತ್ತದೆ ಅಂದುಕೊಂಡರು.

ನರ್ಸಮ್ಮ ಬೀಗರ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಅವಳ ಹುಬ್ಬು ಏರಿತು. ಮತ್ತೊಮ್ಮೆ ತುಂಬಿದಳು. ಹುಬ್ಬು ಇನ್ನೂ ಏರಿತು.

"ಇಷ್ಟೊಂದು ಬಿಪಿ ಇದ್ರೆ ಇವತ್ತು ಔಷಧಿ ಕೊಡೋಕಾಗಲ್ಲ ತಾತ. ಡಾಕ್ಟ್ರಿಗೆ ಹೇಳ್ತೀನಿ. ಮುಂದಿನ ವಾರ ಬನ್ನಿ."

"ಆಗ್ಲಮ್ಮ," ಎಂದು ಬೀಗರು ಮಗ್ಗುಲಾದರು.

ಅವಳು ಸ್ಟೂಲಿನ ಕಡೆ ತಿರುಗಿದಳು. "ನೀವು ಅವ್ರ ಜೊತೆಗೆ ಬಂದವ್ರಲ್ವ? ಮನೇಲಿ ಉಪ್ಪು ಕಡಿಮೆ ಮಾಡ್ಸಿ."

ಗಡಿಯಾರದವರು ತಲೆಯಾಡಿಸಿದರು. ದೇವರಾಣೆ, ಆಡಿಸಿಯೇ ಬಿಟ್ಟರು. ಅವಳು ಬಾಗಿಲಿನಲ್ಲಿ ಔಷಧಿಯ ಟ್ರೇ ಹಿಡಿದು ನಿಂತಿದ್ದ ವಾರ್ಡಿನ ಹುಡುಗನಿಗೆ, "ಈ ಔಷಧಿ ವಾಪಸ್ ತಗೊಂಡೋಗಿ," ಎಂದಳು. ತಮ್ಮ ಹೆಸರಿನ ಚೀಟಿ ಅಂಟಿಸಿಕೊಂಡ ಚೀಲ ಟ್ರೇ ಏರಿ ಹೊರಟದ್ದನ್ನು ಗಡಿಯಾರದವರು ಕಂಡರು. ಒಂದು ಹೆಜ್ಜೆ ಹೋಯಿತು, ಇನ್ನೊಂದು ಹೆಜ್ಜೆ ಹೋಯಿತು. ಅಷ್ಟು ವರ್ಷದ ವ್ರತ ಅಲ್ಲೇ ಮುರಿದುಬಿತ್ತು.

"ರೀ, ಏಳ್ರಿ ಮೇಲೆ. ಕುರ್ಚಿ ನಂದು. ರೋಗ ನಂದು. ನನ್ನ ರೋಗಕ್ಕೆ ನೀವ್ಯಾಕ್ರೀ ಕಾಲು ಚಾಚಿ ಮಲಗ್ತೀರಿ?"

ಎದುರು ಕುರ್ಚಿಯ ಅಜ್ಜಿ ಚೆನ್ನಾಗಿ ಕೇಳಿಸಲೆಂದು ಟವೆಲನ್ನು ಕಿವಿಯಿಂದ ಸರಿಸಿಕೊಂಡಳು. ಮುಗಿಯಿತು, ಮಗಳ ಸಂಸಾರ ನನ್ನ ಕೈಯಾರೆ ಮುಗಿಯಿತು ಎಂದು ಗಡಿಯಾರದವರು ಕಣ್ಣು ಮುಚ್ಚಿಕೊಂಡರು.

ಬೀಗರು ಎದ್ದು ಕೂತರು. ಮುಖದ ಮೇಲೆ ನಗು.

"ಅಬ್ಬ, ಕೊನೆಗೂ ಬೈದ್ರಲ್ಲ ಬೀಗರೆ. ಇಷ್ಟು ವರ್ಷ ನಿಮ್ಮನೇಗೆ ಬಂದ್ರೆ ನನಗೆ ಪರೀಕ್ಷೆಗೆ ಕೂತಂಗಾಗ್ತಿತ್ತು. ಕೆರೆತ ಬಂದ್ರೆ ಕೆರ್ಕೊಳ್ಳೋಕೂ ಅಂಜಿಕೆ. ನೀವೆಲ್ಲಿ ಎದ್ದು ಬಂದು ಕೆರೆದ್ಬಿಡ್ತೀರೋ ಅಂತ."

"ಮತ್ತೆ ಬಿಪಿ ನೋಡುವಾಗ ಯಾಕ್ರೀ ಕೈ ಕೊಟ್ರಿ?"

"ಬಂದವರಿಗೆಲ್ಲ ನೋಡೋ ಮರ್ಯಾದೆ ಇರ್ಬೇಕು ಅಂದ್ಕೊಂಡೆ. ಬೇಡ ಅಂದ್ರೆ ನಿಮ್ಮ ಆಸ್ಪತ್ರೆಗೆ ಅವಮಾನ ಅಲ್ವ?"

ನರ್ಸಮ್ಮ ಓಡಿಬಂದು ಗಡಿಯಾರದವರ ಅಂಗಿಯ ತೋಳು ಮೇಲೇರಿಸಿದಳು. ಹೆಸರು ಬರೆದ ಕೈಪಟ್ಟಿ ಅಲ್ಲಿತ್ತು. "ಮೊದ್ಲೇ ಹೇಳ್ಬಾರ್ದಾ ತಾತ," ಎನ್ನುತ್ತ ಈ ಸಲ ಅವರ ತೋಳಿಗೇ ಪಟ್ಟಿ ಸುತ್ತಿದಳು. ಅವರ ಬಿಪಿ ಸರಿಯಾಗಿತ್ತು. ಚೀಲ ಮರಳಿ ಬಂತು, ಸೂಜಿ ನರ ಹಿಡಿಯಿತು, ಹನಿ ಶುರುವಾಯಿತು. ಗಡಿಯಾರದವರು ಮೊದಲ ಹನಿಗೆ ಮನಸ್ಸಿನಲ್ಲೇ ಕೈಮುಗಿದರು.

ಬೀಗರು ಸ್ಟೂಲನ್ನು ಹತ್ತಿರಕ್ಕೆಳೆದು ಪಿಸುಗುಟ್ಟಿದರು. "ನನ್ನ ಬಿಪಿ ವಿಷಯ ಸೊಸೆ ಕಿವೀಗೆ ಬೀಳೋದು ಬೇಡ. ನಾಳೆಯಿಂದ ಸಪ್ಪೆ ಊಟ ಹಾಕ್ತಾಳೆ."

"ಈಗ್ಲೇ ಹೇಳ್ತೀನಿ," ಎಂದು ಗಡಿಯಾರದವರು ಬಿಡುವಿದ್ದ ಕೈಯಲ್ಲಿ ಫೋನು ಎತ್ತಿಕೊಂಡರು.

"ನೀವು ಬೀಗರಾ, ಶತ್ರುನಾ?"

"ಏನಾದ್ರೂ ಅಂದ್ಕೊಳ್ಳಿ. ನಾಳೆ ನೀವು ಬಿದ್ದುಗಿದ್ದು ಹೋದ್ರೆ ನಾನು ಯಾರನ್ನ ಬೈಲಿ?"

ಮಗಳಿಗೆ ಹೇಳಿಯೇ ಬಿಟ್ಟರು. ಬೀಗರು ಮುಖ ಊದಿಸಿಕೊಂಡು ಕಿಟಕಿ ನೋಡುತ್ತ ಕೂತರು. ಆದರೆ ಮಧ್ಯಾಹ್ನದ ಹೊತ್ತಿಗೆ ಮೈಗಿಳಿದ ನೀರೆಲ್ಲ ಗಡಿಯಾರದವರ ಕೆಳಹೊಟ್ಟೆಗೆ ಬಂದು ನಿಂತಿತು. ಬೆಳಗಿನ ಗಡಿಯಾರದವರಾಗಿದ್ದರೆ ಹಲ್ಲುಕಚ್ಚಿ ಸಂಜೆ ಮಾಡುತ್ತಿದ್ದರು.

"ಒಂದಕ್ಕೆ ಹೋಗ್ಬೇಕು. ಸಿಟ್ಟು ಆಮೇಲೆ ಮಾಡ್ಕೊಳ್ಳಿ, ಈ ಸ್ಟ್ಯಾಂಡು ಹಿಡ್ಕೊಳ್ಳಿ."

ಔಷಧಿ ಚೀಲ ತೂಗುಹಾಕಿದ್ದ ಆ ಸ್ಟ್ಯಾಂಡಿನ ಒಂದು ಚಕ್ರ ಮೊಂಡ. ನೇರ ಹೋಗು ಎಂದರೆ ಗೋಡೆಯ ಕಡೆ ತಿರುಗುತ್ತಿತ್ತು. ಬೀಗರ ಸಿಟ್ಟು ಅಲ್ಲೇ ಇಳಿಯಿತು, ಮೇಷ್ಟರಿಕೆ ಏರಿತು. "ಬಲಕ್ಕೆ ನೋಡಿ. ನಿಧಾನ. ಎದುರಿಗೆ ವೀಲ್‌ಚೇರು ಬರ್ತಿದೆ, ಅವ್ರಿಗೆ ದಾರಿ ಕೊಡಿ."

"ಮಾತು ಕಡಿಮೆ ಮಾಡಿ ತಳ್ರಿ. ಅರ್ಜೆಂಟು."

"ಅವಸರ ಮಾಡಿದವ್ರೇ ಗುದ್ದೋದು."

ಶೌಚಾಲಯದ ಬಾಗಿಲ ಹತ್ತಿರ ಬೀಗರೂ ಒಳಗೆ ಕಾಲಿಟ್ಟರು. "ಬಿದ್ರೆ ಕಷ್ಟ, ನಾನೂ ಬರ್ತೀನಿ."

"ಹೊರಗೆ ನಿಲ್ರಿ."

"ನಾಚ್ಕೊಳ್ಳೋಕೆ ನಾನೇನು ಹೊರಗಿನವ್ನಾ?"

"ಹೊರಗಿನವ್ರಾಗಿದ್ರೆ ಮರ್ಯಾದೆಯಾಗಿ ಹೇಳ್ತಿದ್ದೆ."

ಬೀಗರು ಹಲ್ಲುಕಿರಿಯುತ್ತ ಹೊರಗೆ ನಿಂತು, ಪೈಪು ಸಿಕ್ಕಿಕೊಳ್ಳದಷ್ಟು ಬಾಗಿಲು ಎಳೆದುಕೊಂಡರು. ಸ್ವಲ್ಪ ಹೊತ್ತಿಗೇ, "ಆಯ್ತಾ?" ಎಂದರು.

"ನೀವು ಸುಮ್ಮನಿದ್ರೆ ಆಗುತ್ತೆ."

ಸುಮ್ಮನಾದರು. ಒಳಗೆ ಗಡಿಯಾರದವರು ತಲೆಯೆತ್ತಿ ಚೀಲ ನೋಡಿದರು. ಯಾರ ದಾಕ್ಷಿಣ್ಯಕ್ಕೂ ನಿಲ್ಲದೆ ಔಷಧಿ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು.