ಎಣ್ಣೆಕಲೆಯ ಕೆಳಗಿನ ಸಾಲು

ಮೂರನೆಯ ಡ್ರಾಯರಿಗೆ ಕೈ ಹಾಕಿದಾಗ ಅವಳು ಸಿಕ್ಕಿಬಿದ್ದಳು.

"ಏನು ಬೇಕಿತ್ತು?" ಬಾಗಿಲಲ್ಲಿ ಸತ್ತವನ ತಂಗಿ ನಿಂತಿದ್ದಳು.

"ಚಮಚ."

"ಚಮಚ ಅವನ ಬರೆಯೋ ಮೇಜಲ್ಲಿರುತ್ತಾ?"

ಸಿಕ್ಕಿಬಿದ್ದವಳು ಡ್ರಾಯರು ಮುಚ್ಚಿದಳು. ಅವಳು ದಾಖಲಾಲಯದಲ್ಲಿ ತಾಳೆ ನೋಡುವವಳು. ಹನ್ನೊಂದು ವರ್ಷ ಇನ್ನೊಬ್ಬರ ತಪ್ಪು ಹಿಡಿದೇ ಸಂಬಳ ತಿಂದವಳು. ಸ್ವಂತದ್ದನ್ನು ಮುಚ್ಚಿಡುವ ಅಭ್ಯಾಸ ಇರಲಿಲ್ಲ. ಗಂಟೆ ಹತ್ತೂಕಾಲು. ಹನ್ನೊಂದಕ್ಕೆ ಶವ ಒಯ್ಯುವ ವಾಹನ ಬರುವುದಿತ್ತು.

"ಅಣ್ಣ ಒಂದು ನೀಲಿ ರಟ್ಟಿನ ಪುಸ್ತಕ ಇಟ್ಕೊಂಡಿದ್ರು. ಆಫೀಸಿಗೆ ಬೇಕಿತ್ತು."

"ಸತ್ತ ಮೇಲೂ ಬಿಡಲ್ವಾ ನೀವು? ಅದು ಅವನ ಜೇಬಲ್ಲಿದೆ. ಜೊತೇಲೇ ಹೋಗ್ಲಿ ಅಂತ ನಾನೇ ಇಟ್ಟೆ."

ಅವಳು ನಡುಮನೆಯಲ್ಲಿದ್ದ ಶವಪೆಟ್ಟಿಗೆಯತ್ತ ತಿರುಗಿದಳು.

*

ಕಚೇರಿಯಲ್ಲಿ ಅವನನ್ನು ಮೆನು ಅಣ್ಣ ಎನ್ನುತ್ತಿದ್ದರು. ಮುಚ್ಚಿಹೋದ ಹೋಟೆಲುಗಳ ಹಳೆಯ ಮೆನು ಕಾರ್ಡುಗಳನ್ನು ಒಂದಕ್ಷರ ಬಿಡದೆ ಕಂಪ್ಯೂಟರಿಗೆ ಏರಿಸುವುದು ಅವನ ಕೆಲಸ. ದಿನವಿಡೀ ಹುರಿದ ಕೋಳಿ, ಕೆನೆ ಸೂಪುಗಳನ್ನು ಟೈಪು ಮಾಡಿ, ಮಧ್ಯಾಹ್ನ ಡಬ್ಬಿಯಿಂದ ಎರಡು ಒಣ ಬ್ರೆಡ್ಡು ತೆಗೆದು ತಿನ್ನುತ್ತಿದ್ದ. ಕೇಳಿದರೆ, "ಹೊಟ್ಟೆ ಬೆಳಿಗ್ಗೆಯೇ ತುಂಬಿಹೋಗಿದೆ ತಾಯಿ," ಎನ್ನುತ್ತಿದ್ದ.

ಹಿಂದಿನವರು ಏನು ತಿಂದರು ಎಂಬುದಕ್ಕೆ ಆ ಕಾರ್ಡುಗಳನ್ನು ಬಿಟ್ಟರೆ ಬೇರೆ ಸಾಕ್ಷಿ ಕಡಿಮೆ. ಹಾಗಾಗಿ ನಿಯಮ ಕಟ್ಟುನಿಟ್ಟು. ಒಂದೊಂದು ಕಾರ್ಡನ್ನೂ ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಟೈಪು ಮಾಡಬೇಕು. ಎರಡೂ ಒಂದೇ ಆದರೆ ಸಾಲು ನಿಲ್ಲುತ್ತದೆ. ಇಲ್ಲವಾದರೆ 'ಓದಲಾಗದು' ಎಂದು ಬರೆದು ಬಿಡಬೇಕು. ಕಳೆದ ವರ್ಷ ಎರಡನೆಯ ಟೈಪಿಸ್ಟು ಕೆಲಸ ಬಿಟ್ಟಳು. ಬದಲಿಗೆ ಯಾರೂ ಸಿಗಲಿಲ್ಲ. ಅಣ್ಣ ಒಬ್ಬರೇ ಸಾಕು ಎಂದು ಇಬ್ಬರು ಟೈಪಿಸ್ಟರ ಖಾನೆಗೂ ಅವನ ಹೆಸರನ್ನೇ ಹಾಕಲು ಒಪ್ಪಿದವಳು ತಾಳೆಯವಳೇ.

ಹೋದ ಮಂಗಳವಾರ ಆಸ್ಪತ್ರೆಯಲ್ಲಿ ಅವನು ಅವಳ ಕೈ ಹಿಡಿದಿದ್ದ.

"ಒಂದು ಕಾರ್ಡಲ್ಲಿ ಎಣ್ಣೆಕಲೆ ಇತ್ತು ತಾಯಿ. ಕೆಳಗಿನ ಸಾಲು ಕಾಣ್ತಿರ್ಲಿಲ್ಲ. ನಾನು ತುಂಬಿಸಿಬಿಟ್ಟೆ."

"ಯಾವ ಕಾರ್ಡು ಅಣ್ಣ?"

"ಪುಸ್ತಕದಲ್ಲಿ…" ನರ್ಸು ಬಂದು ಅವನ ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದಳು. ಅದೇ ಕೊನೆಯ ಮಾತು.

ಅವನು ಮಾಡಿದ ಕಾರ್ಡುಗಳು ನಾಲ್ಕು ಸಾವಿರ. ಇವತ್ತು ಸಂಜೆ ಐದಕ್ಕೆ ಅವೆಲ್ಲ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ; ಆಮೇಲೆ ತಿದ್ದುವಂತಿಲ್ಲ. ಇಲ್ಲದ ಸಾಲೊಂದನ್ನು ಯಾರಾದರೂ ಹಿಡಿದರೆ ನಾಲ್ಕು ಸಾವಿರವನ್ನೂ ಕಿತ್ತುಹಾಕುತ್ತಾರೆ. ಅವಳನ್ನೂ.

*

ನಡುಮನೆಯಲ್ಲಿ ಪೆಟ್ಟಿಗೆಯ ಸುತ್ತ ಕುರ್ಚಿಗಳು. ಪಕ್ಕದ ಮನೆಯ ದರ್ಜಿ ಯಾರಿಗೋ ಹೇಳುತ್ತಿದ್ದ: "ನನ್ನ ಮಗಳ ಮದುವೆಗೆ ಬಂದಿದ್ರು. ಸೂಪು ಆರಿ ತಣ್ಣಗಾಯ್ತು, ಇವರು ಊಟದ ಪಟ್ಟೀನೇ ಓದ್ತಾ ಕೂತಿದ್ರು. ಕೊನೆಗೆ ಅದನ್ನೇ ಮಡಿಚಿ ಜೇಬಿಗಿಟ್ಕೊಂಡು ಹೋದ್ರು."

ಹೊರಗೆ ಹಾರನ್ ಕೇಳಿಸಿತು. ವಾಹನ ಇಪ್ಪತ್ತು ನಿಮಿಷ ಮುಂಚೆಯೇ ಬಂದಿತ್ತು. ಇಂಥ ದಿನ ಮಾತ್ರ ಎಲ್ಲರೂ ಹೊತ್ತಿಗೆ ಮೊದಲೇ ಬರುತ್ತಾರೆ.

ತಾಳೆಯವಳು ಅವನ ಹೆಂಡತಿಯ ಕಿವಿಯ ಹತ್ತಿರ ಬಾಗಿದಳು. "ಅತ್ತಿಗೆ, ಅಣ್ಣನ ಜೇಬಲ್ಲಿರೋ ಪುಸ್ತಕ… ಎರಡು ನಿಮಿಷ."

ಹೆಂಡತಿ ಅವಳ ಮುಖ ನೋಡಿದಳು. "ಏನು ಎಡವಟ್ಟು ಮಾಡಿಟ್ಟು ಹೋಗಿದಾರೆ?"

"ಏನಿಲ್ಲ."

"ನಲವತ್ತು ವರ್ಷ ಜೊತೇಲಿದ್ದೆ ಕಣಮ್ಮ. ತಗೋ. ಗುಂಡಿ ಬಿಗಿ, ಮೆಲ್ಲಗೆ."

ಗುಂಡಿ ನಿಜಕ್ಕೂ ಬಿಗಿಯಿತ್ತು. ತಂಗಿ ಹಲ್ಲು ಕಚ್ಚಿ ಬೇರೆಡೆ ನೋಡಿದಳು. ಅಂಗಿಯ ಕೆಳಗಿನ ತಣ್ಣನೆಯ ಮೈ ಬೆರಳಿಗೆ ತಾಕದಂತೆ ತಾಳೆಯವಳು ಪುಸ್ತಕ ಎಳೆದು, ಕಿಟಕಿಯ ಬಳಿ ಹೋಗಿ ಕೊನೆಯ ಪುಟ ತೆಗೆದಳು.

'ಮೂರು ಸಾವಿರದ ನೂರ ಹದಿನೆಂಟು. ಸ್ಟೇಷನ್ ರಸ್ತೆಯ ಹೋಟೆಲು. ಕೊನೆಯ ಸಾಲಿನ ಮೇಲೆ ಕಲೆ. ಮದುವೆಯಾದ ವಾರ ಅವಳ ಜೊತೆ ಅಲ್ಲಿ ತಿಂದಿದ್ದೆ. ನೆನಪಿದೆ. ಹಾಗಾಗಿ ಬರೆದೆ: ಸುಟ್ಟ ಸೇಬು, ಕೆನೆ ಸಮೇತ.'

ಅಂದರೆ ಕಟ್ಟಿದ್ದಲ್ಲ, ಕಂಡದ್ದು. ಆದರೆ ಕಂಡವನು ಒಬ್ಬನೇ. ನಿಯಮಕ್ಕೆ ಇನ್ನೊಬ್ಬರು ಬೇಕು. ಅವಳು ತಿರುಗಿ ನೋಡಿದಳು. ಇನ್ನೊಬ್ಬರು ಪೆಟ್ಟಿಗೆಯ ಪಕ್ಕದಲ್ಲೇ ಕುಳಿತಿದ್ದರು.

ಪುಸ್ತಕ ಮುಚ್ಚಿ ಬೆನ್ನ ಹಿಂದೆ ಹಿಡಿದುಕೊಂಡಳು. "ಅತ್ತಿಗೆ, ಮದುವೆ ಆದ ವಾರ ಸ್ಟೇಷನ್ ರಸ್ತೆ ಹೋಟೆಲಿಗೆ ಹೋಗಿದ್ರಂತೆ. ಅಲ್ಲಿನ ಪಟ್ಟೀಲಿ ಕೊನೇಗೆ ಏನಿತ್ತು?"

"ಈಗ ಇದು ಬೇಕಾ?" ಎಂದಳು ತಂಗಿ. ಡ್ರೈವರು ಬಾಗಿಲಲ್ಲಿ ಗಡಿಯಾರ ನೋಡಿಕೊಂಡ.

ಹೆಂಡತಿ ಕಣ್ಣು ಮುಚ್ಚಿದಳು. "ಸುಟ್ಟ ಸೇಬು."

ತಾಳೆಯವಳಿಗೆ ಉಸಿರು ಬಂತು. ಆದರೆ ಸಾಲು ಪೂರ್ತಿ ಆಗಿರಲಿಲ್ಲ. ತಾನು ಹೇಳಿಕೊಡುವಂತೆಯೂ ಇರಲಿಲ್ಲ. "ಬರೀ ಸೇಬಾ?"

"ಬರೀ ಯಾಕೆ? ಸಕ್ಕರೆ ಪಾಕದ ಜೊತೆ. ಒಂದೇ ತಟ್ಟೆ ತರಿಸಿದ್ವಿ, ಇಬ್ಬರಿಗೂ ಸೇರಿ."

"ಸರಿಯಾಗಿ ನೆನಪಿದೆಯಾ ಅತ್ತಿಗೆ?"

"ಅವರೇನು ಬರೆದಿದಾರೆ?"

"ಕೆನೆ."

ಹೆಂಡತಿ ಪೆಟ್ಟಿಗೆಯ ಕಡೆ ತಿರುಗಿದಳು. ತಾಳೆಯವಳು ಫೋನಿನಲ್ಲಿ ಆ ಕಾರ್ಡು ತೆಗೆದಳು. ಬೆರಳು ಒಂದು ಕ್ಷಣ ತಡೆಯಿತು. ಆಮೇಲೆ ಸೇಬನ್ನೂ ಕೆನೆಯನ್ನೂ ಅಳಿಸಿ, 'ಓದಲಾಗದು' ಎಂದು ಬರೆದು ಉಳಿಸಿದಳು. ನಾಲ್ಕು ಸಾವಿರ ಕಾರ್ಡು ಉಳಿದವು.

ಹೊರುವವರು ನಾಲ್ವರು ಒಳಗೆ ಬಂದು ಪೆಟ್ಟಿಗೆಯ ಹಿಡಿಗಳಿಗೆ ಬಗ್ಗಿದರು. ಹೆಂಡತಿ ಅಂಗೈ ಎತ್ತಿ ತಡೆದಳು. ಕುರ್ಚಿಯನ್ನು ಇನ್ನೂ ಹತ್ತಿರಕ್ಕೆಳೆದುಕೊಂಡು ಗಂಡನ ಮುಖದತ್ತ ಬಾಗಿದಳು.

"ಕೆನೆಯಂತೆ," ಎಂದಳು, ತಗ್ಗಿದ ದನಿಯಲ್ಲಿ. "ಕೆನೆ ತಿಂದಿದ್ದು ನಿಮ್ಮ ಚಿಕ್ಕಮ್ಮನ ಮನೇಲಿ. ಅಲ್ಲಿ ಪಾಕ. ನಿಮ್ಮ ಗಲ್ಲದ ಮೇಲೆ ಸುರಿದಿತ್ತು, ನಾನೇ ಒರೆಸಿದೆ. ಅದೂ ಮರೆತುಹೋಯ್ತಾ?"

ನಾಲ್ವರೂ ಹಿಡಿ ಬಿಟ್ಟು, ಗಂಡಹೆಂಡಿರ ಮಾತಿನ ನಡುವೆ ಬಂದುಬಿಟ್ಟವರಂತೆ ಗೋಡೆಗೆ ಸರಿದು ನಿಂತರು. ಅವನ ಉತ್ತರವೂ ಮುಗಿಯಲಿ ಎಂದು ಕಾಯುವವರ ಹಾಗೆ, ಕಣ್ಣು ನೆಲಕ್ಕೆ ಹಾಕಿಕೊಂಡು.